ಸಾರಾಂಶವೋ ಪೂರ್ಣಪಾಠವೋ: ಸೇಡಂ–ಚಿತ್ತಾಪುರ ಪರಿಸರದ ಶಾಸನಗಳ ಪ್ರಕಟಣೆಯನ್ನು ಕುರಿತು

ಶಾಸನಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವವರು ಎದುರಿಸಬೇಕಾದ ಹಳೆಯ ಪ್ರಶ್ನೆಯೊಂದುಂಟು. ಕಲ್ಲಿನ ಮೇಲಿರುವ ಪಾಠವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಯಥಾವತ್ತಾಗಿ ಓದುಗರಿಗೆ ಒದಗಿಸಬೇಕೆ? ಅಥವಾ ಅದರಲ್ಲಿ ಬರುವ ಅರಸನ ಹೆಸರು, ಕಾಲ, ದಾನಿ, ದಾನದ ವಸ್ತು ಇಷ್ಟನ್ನು ನಾಲ್ಕಾರು ವಾಕ್ಯಗಳಲ್ಲಿ ಸಂಗ್ರಹಿಸಿ ಕೊಟ್ಟು, ಹೆಚ್ಚಿನದು ಬೇಕಾದವರು ಕಲ್ಲಿನ ಬಳಿಗೋ ಪಡಿಯಚ್ಚುಗಳಿರುವ ಕಚೇರಿಗೋ ಹೋಗಲಿ ಎಂದು ಬಿಡಬಹುದೆ? ಮೇಲ್ನೋಟಕ್ಕೆ ಇದು ಪುಟಸಂಖ್ಯೆಯ ಹಾಗೂ ವೆಚ್ಚದ ಪ್ರಶ್ನೆಯೆನಿಸುತ್ತದೆ. ಆದರೆ ಒಂದು ಪ್ರದೇಶದ ಚರಿತ್ರೆಯನ್ನು ಯಾರು ಬರೆಯಬಲ್ಲರು, ಬರೆದುದನ್ನು ಯಾರು ಪರೀಕ್ಷಿಸಬಲ್ಲರು ಎಂಬುದು ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರವನ್ನು ಆರಿಸಿಕೊಳ್ಳಲು ಕಾರಣಗಳಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದ ಹೆಸರುವಾಸಿ ವಿದ್ಯಾಕೇಂದ್ರವಾಗಿದ್ದ ನಾಗಾವಿ ಚಿತ್ತಾಪುರಕ್ಕೆ ಹೊಂದಿಕೊಂಡಂತಿದೆ. ಭೀಮಾತೀರದ ಸನ್ನತಿಯೂ ಅದೇ ತಾಲ್ಲೂಕಿನದು. ಹೀಗೆ ಮೌರ್ಯರಿಂದ ಚಾಲುಕ್ಯರವರೆಗಿನ ಬರಹಗಳು ಇಷ್ಟು ಇಕ್ಕಟ್ಟಾದ ವಲಯದಲ್ಲಿ ದೊರೆಯುವ ಸ್ಥಳಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಇಷ್ಟಾದರೂ ಈ ಪ್ರದೇಶದ ಶಾಸನಗಳ ಮುದ್ರಣದ ಇತಿಹಾಸ ಹಳೆಯ ಮೈಸೂರಿನದಕ್ಕಿಂತ ತೀರ ಭಿನ್ನವಾಗಿದೆ.

ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ವೇಳೆಗೆ ಪೂರೈಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ 8,869 ಶಾಸನಗಳು ಸೇರಿವೆ. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಈ ಮೂರನ್ನೂ ಒಟ್ಟಿಗೆ ಕೊಡುವ ಕ್ರಮವನ್ನು ರೈಸ್ ಅನುಸರಿಸಿದರು. ಅವರ ಓದಿನಲ್ಲಿ ದೋಷಗಳಿಲ್ಲವೆಂದಲ್ಲ. ಮುಂದಿನವರು ಅವನ್ನು ಧಾರಾಳವಾಗಿ ತಿದ್ದಿದ್ದಾರೆ. ಹಾಗೆ ತಿದ್ದಲು ಸಾಧ್ಯವಾದದ್ದು ಪಾಠ ಕಣ್ಣೆದುರಿಗಿದ್ದುದರಿಂದ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ರೈಸ್ ಅವರ ಸಂಪುಟಗಳ ಎಲ್ಲೆ ಮೈಸೂರು ಸಂಸ್ಥಾನ ಮತ್ತು ಕೊಡಗುಗಳಿಗೆ ಸೀಮಿತವಾಗಿತ್ತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯೂ ಅದೇ ಭೂಭಾಗವನ್ನು ಅನುಸರಿಸಿತು. ಮುಂಬಯಿ ಕರ್ನಾಟಕದ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಶನ್ಸ್’ ಮಾಲೆಯಲ್ಲಿ ಪ್ರತ್ಯೇಕ ಸಂಪುಟಗಳು ಬಂದವು. ನಿಜಾಮರ ಆಳಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳಿಗೆ ಇವೆರಡರ ಆಶ್ರಯವೂ ದೊರೆಯಲಿಲ್ಲ.

ಇಲ್ಲಿನ ಕೆಲಸ ನಡೆದದ್ದು ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೂಲಕ. 1914ರಲ್ಲಿ ಸ್ಥಾಪನೆಯಾದ ಈ ಇಲಾಖೆಯ ಮುಖ್ಯಸ್ಥರಾದ ಗುಲಾಂ ಯಜ್ದಾನಿಯವರು ‘ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್’ ಎಂಬ ಮಾಲೆಯನ್ನು ಆರಂಭಿಸಿ ಶಾಸನಗಳ ಓದಿಗೆ ಹೊರಗಿನ ವಿದ್ವಾಂಸರ ನೆರವು ಪಡೆದರು. ಮಾಲೆಯ ಮೊದಲ ಸಂಚಿಕೆಯೇ ಮಸ್ಕಿಯ ಅಶೋಕ ಶಾಸನ. ಅದನ್ನು ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. 1928ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರ ಸಂಪಾದನೆಯಲ್ಲಿ ಎಂಟನೆಯ ಸಂಚಿಕೆಯಾಗಿ ನಾಗಾವಿಯ ಶಾಸನಗಳು ಪ್ರಕಟವಾದವು. 1957ರಲ್ಲಿ ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಸೇಡಂ, ಮಳಖೇಡ, ಅಡಕಿ ಮೊದಲಾದ ಊರುಗಳ ಜೈನ ಶಾಸನಗಳನ್ನು ಬೆಳಕಿಗೆ ತಂದರು. ಮರುವರ್ಷವೇ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳ ಸಂಕಲನವನ್ನು ಅದೇ ಮಾಲೆಯ 18ನೆಯ ಸಂಚಿಕೆಯಾಗಿ ಹೊರತಂದರು. ಅಷ್ಟರಲ್ಲಿ ಸಂಸ್ಥಾನವೇ ಇಲ್ಲವಾಗಿ, 1956ರ ರಾಜ್ಯ ಪುನರ್ವಿಂಗಡಣೆಯಿಂದ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಅನಂತರದ ದಶಕಗಳಲ್ಲಿ ಹನುಮಾಕ್ಷಿ ಗೋಗಿಯವರಂತಹ ವಿದ್ವಾಂಸರು ಈ ಭಾಗದ ಶಾಸನಪಾಠಗಳನ್ನು ಕನ್ನಡದಲ್ಲಿಯೇ ಸಂಪಾದಿಸಿ ಕೊಟ್ಟಿರುವುದು ಸ್ಮರಣೀಯ.

ಈ ಪ್ರಕಟಣೆಗಳ ಜೊತೆಗೇ ಇನ್ನೊಂದು ಧಾರೆಯಿದೆ. ಅದು ಕೇಂದ್ರ ಶಾಸನಶಾಸ್ತ್ರ ಶಾಖೆಯ ವಾರ್ಷಿಕ ವರದಿಗಳದು. ಆಯಾ ವರ್ಷ ಪಡಿಯಚ್ಚು ತೆಗೆದ ಶಾಸನಗಳನ್ನು ಊರು, ಶಾಸನವಿರುವ ಸ್ಥಳ, ರಾಜವಂಶ, ಅರಸ, ಕಾಲ, ಭಾಷೆ–ಲಿಪಿ ಎಂಬ ಅಂಕಣಗಳಲ್ಲಿ ಪಟ್ಟಿಮಾಡಿ, ಕೊನೆಯ ಷರಾ ಅಂಕಣದಲ್ಲಿ ಸಾರವನ್ನು ಕೊಡುವುದು ಇವುಗಳ ಪದ್ಧತಿ. ಈ ಪದ್ಧತಿಯ ಉಪಕಾರ ಸಣ್ಣದಲ್ಲ. ನೂರಾರು ಶಾಸನಗಳ ಮೇಲೆ ಒಂದು ಗಂಟೆಯಲ್ಲಿ ಕಣ್ಣಾಡಿಸಿ ತನಗೆ ಬೇಕಾದ ಹತ್ತನ್ನು ಗುರುತುಮಾಡಿಕೊಳ್ಳಲು ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ವರದಿಯ ಸಾರ ದಾರಿತೋರಿಸುವ ಕೈಮರ. ಅದನ್ನು ಸಿದ್ಧಪಡಿಸಿದವರೂ ಹಾಗೆಯೇ ತಿಳಿದಿದ್ದರು. ಆದರೆ ಪೂರ್ಣಪಾಠ ಪ್ರಕಟವಾಗುವ ಸರದಿ ಬಾರದೆ ಉಳಿದ ಶಾಸನಗಳ ವಿಷಯದಲ್ಲಿ ಕಾಲಕ್ರಮೇಣ ಆ ಸಾರವೇ ಶಾಸನದ ಸ್ಥಾನವನ್ನು ಆಕ್ರಮಿಸಿತು. ಗ್ರಂಥಗಳು ಅದನ್ನೇ ಉಲ್ಲೇಖಿಸಿದವು. ಆ ಗ್ರಂಥಗಳನ್ನು ಮತ್ತೆ ಬೇರೆ ಗ್ರಂಥಗಳು ಉಲ್ಲೇಖಿಸಿದವು.

ಹೀಗಾದಾಗ ಏನು ನಷ್ಟವಾಗುತ್ತದೆ ಎಂಬುದಕ್ಕೆ ನಾಗಾವಿಯ ಉದಾಹರಣೆ ಸ್ಪಷ್ಟವಾಗಿದೆ. ಇಲ್ಲಿಯದು ಪೂರ್ಣಪಾಠ ಅಚ್ಚಾಗಿರುವ ಶಾಸನವೇ. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, 1058ರಲ್ಲಿ, ಅವನ ದಂಡನಾಯಕನಾದ ಮಧುಸೂದನನು ಇಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿದ ವ್ಯವಸ್ಥೆಯನ್ನು ಅದು ವಿವರಿಸುತ್ತದೆ. ವೇದಾಧ್ಯಯನದ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನದ ಇನ್ನಷ್ಟು ಮಂದಿ, ವೇದಕ್ಕೆ ಮೂವರು ಮತ್ತು ಶಾಸ್ತ್ರಗಳಿಗೆ ಮೂವರು ಅಧ್ಯಾಪಕರು, ಇವರೊಂದಿಗೆ ಆರು ಮಂದಿ ಸರಸ್ವತೀಭಂಡಾರಿಗರು, ಎಂದರೆ ಗ್ರಂಥಭಂಡಾರದ ಪಾಲಕರು. ಕರ್ನಾಟಕದ ಶಿಕ್ಷಣದ ಇತಿಹಾಸವನ್ನು ಕುರಿತು ಬಂದಿರುವ ಯಾವ ಪುಸ್ತಕವನ್ನು ತೆರೆದರೂ ಈ ಅಂಕಿಗಳು ಕಾಣಸಿಗುತ್ತವೆ. ಕಾಣುವುದು ಅವು ಮಾತ್ರ ಎಂಬುದೇ ಇಲ್ಲಿ ಗಮನಾರ್ಹ. ಶಾಸ್ತ್ರವಿದ್ಯಾರ್ಥಿಗಳ ಸಂಖ್ಯೆ ಕೆಲವು ಗ್ರಂಥಗಳಲ್ಲಿ 50 ಎಂದೂ ಮತ್ತೆ ಕೆಲವುಗಳಲ್ಲಿ 52 ಎಂದೂ ಇದೆ. ಸಾರಾಂಶದಿಂದ ಸಾರಾಂಶಕ್ಕೆ ಸಾಗುವಾಗ ಅಂಕಿ ಹೇಗೆ ಜಾರುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಎರಡರಲ್ಲಿ ಯಾವುದು ಸರಿಯೆಂದು ತಿಳಿಯಬಯಸುವವನು 1928ರ ಸಂಚಿಕೆಗೆ ಹೋಗಬೇಕು. ಆ ಸಂಚಿಕೆ ದೊಡ್ಡ ಗ್ರಂಥಾಲಯಗಳಲ್ಲಿಯೂ ಅಪರೂಪವಾಗಿದೆ.

ಆರು ಮಂದಿ ಗ್ರಂಥಪಾಲಕರೆಂಬ ಸಂಗತಿ ಗ್ರಂಥಾಲಯ ವಿಜ್ಞಾನದ ಉಪನ್ಯಾಸಗಳಲ್ಲಿ ಹೆಮ್ಮೆಯಿಂದ ಹೇಳುವ ಮಾತಾಗಿದೆ. ಹೆಮ್ಮೆ ಸಹಜವೇ. ಆದರೆ ಅದೇ ಶಾಸನದಲ್ಲಿ ಮೀಮಾಂಸೆಯ ಭಾಟ್ಟ ಮತ್ತು ಪ್ರಾಭಾಕರ ದರ್ಶನಗಳನ್ನು ಬೋಧಿಸುವವರ ಉಲ್ಲೇಖ ಬೇರೆ ಬೇರೆಯಾಗಿ ಬರುತ್ತದೆ ಎಂಬುದು ಅಷ್ಟು ಪ್ರಚಾರ ಪಡೆದಿಲ್ಲ. ಒಂದೇ ಶಾಸ್ತ್ರದ ಪರಸ್ಪರ ವಿರುದ್ಧವಾದ ಎರಡು ಪಂಥಗಳಿಗೆ ಒಂದೇ ಸಂಸ್ಥೆಯಲ್ಲಿ ಸ್ಥಾನ ಕಲ್ಪಿಸಿದ್ದು ಹನ್ನೊಂದನೆಯ ಶತಮಾನದ ವಿದ್ಯಾಜೀವನದ ಬಗೆಗೆ ಸಂಖ್ಯೆಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಸಾರಾಂಶ ಬರೆದವರು ‘ಮೂವರು ಶಾಸ್ತ್ರಾಧ್ಯಾಪಕರು’ ಎಂದರು; ಅದು ತಪ್ಪಲ್ಲ, ಸಾಕಾಗಲಿಲ್ಲ ಅಷ್ಟೆ. ಯಾವ ಸಾರಾಂಶಕಾರನೂ ಮುಂದಿನ ತಲೆಮಾರು ಕೇಳಲಿರುವ ಪ್ರಶ್ನೆಗಳನ್ನು ಊಹಿಸಲಾರ. ರಾಜವಂಶಗಳ ಕಾಲಾನುಕ್ರಮವೇ ಚರಿತ್ರೆಯೆಂದು ತಿಳಿದಿದ್ದ ಕಾಲದಲ್ಲಿ ಅರಸನ ಹೆಸರೂ ತಿಥಿಯೂ ಸಾರವಾಗಿದ್ದವು. ಇಂದು ಭೂಹಿಡುವಳಿ, ನೀರಾವರಿ, ಸ್ತ್ರೀಯರ ಆಸ್ತಿಹಕ್ಕು, ಕುಶಲಕರ್ಮಿಗಳ ಸ್ಥಾನಮಾನ, ಊರುಗಳ ಪ್ರಾಚೀನ ಹೆಸರುಗಳು ನಮಗೆ ಸಾರವಾಗಿವೆ.

ದಾನಶಾಸನವೊಂದರ ಅಂಗಗಳನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮಂಗಳಶ್ಲೋಕ, ಅರಸನ ಪ್ರಶಸ್ತಿ, ಮಾಂಡಲಿಕನ ಅಥವಾ ದಂಡನಾಯಕನ ವಂಶವರ್ಣನೆ, ಊರಿನ ಮತ್ತು ಮಹಾಜನರ ವರ್ಣನೆ, ತಿಥಿ, ದಾನದ ವಿವರ, ಭೂಮಿಯ ಎಲ್ಲೆಗಳು, ಶಾಪಾಶಯ, ಕೊನೆಗೆ ಕವಿಯ, ಲಿಪಿಕಾರನ, ರೂವಾರಿಯ ಹೆಸರು ಇವು ಸಾಮಾನ್ಯ ಕ್ರಮ. ಸಾರಾಂಶದಲ್ಲಿ ಉಳಿಯುವುದು ಇವುಗಳಲ್ಲಿ ಮೂರೋ ನಾಲ್ಕೋ. ಮೊದಲು ಬಿಟ್ಟುಹೋಗುವುದು ಎಲ್ಲೆಗಳ ಭಾಗ. ಅದರಲ್ಲಿಯೇ ಹಳ್ಳ, ದಾರಿ, ಮೊರಡಿ, ಮರ, ಕೆರೆ, ನೆರೆಯೂರಿನ ಸೀಮೆ, ಭೂಮಿಯನ್ನಳೆದ ಕೋಲಿನ ಹೆಸರು ಇರುವುದು. ಇಂದಿನ ಹಳ್ಳಿಯೊಂದರ ರೈತನು ಶಾಸನದಲ್ಲಿ ತನ್ನ ಹೊಲವನ್ನು ಗುರುತಿಸಬಹುದಾದರೆ ಈ ಭಾಗದಲ್ಲಿಯೇ ಹೊರತು ಚಕ್ರವರ್ತಿಯ ಬಿರುದಾವಳಿಯಲ್ಲಿ ಅಲ್ಲ. ಭಾಷಾವಿಜ್ಞಾನಿಗೂ ಇದೇ ಭಾಗ ಅಮೂಲ್ಯವಾದುದು. ಪ್ರಶಸ್ತಿಯ ಪ್ರೌಢ ಪದ್ಯಗಳಿಗಿಂತ ಎಲ್ಲೆ ಹೇಳುವ ಗದ್ಯದಲ್ಲಿ ಅಂದಿನ ಆಡುನುಡಿಯ ರೂಪಗಳು ಹೆಚ್ಚಾಗಿ ನುಸುಳಿರುತ್ತವೆ.

ಸೇಡಂನ ಜೈನ ಶಾಸನಗಳು ಇನ್ನೊಂದು ಬಗೆಯ ಎಚ್ಚರವನ್ನು ಹೇಳುತ್ತವೆ. ಸೇಡಿಂಬ ಎಂಬುದು ಈ ಊರಿನ ಶಾಸನೋಕ್ತ ಹೆಸರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1124ರಲ್ಲಿ, ಇಲ್ಲಿಯ ಮುನ್ನೂರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ದೇಸಾಯಿಯವರು ಪ್ರಕಟಿಸಿದ ಶಾಸನ ತಿಳಿಸುತ್ತದೆ. ‘ಸೇಡಂನಲ್ಲಿ ಬಸದಿ ನಿರ್ಮಾಣ’ ಎಂಬ ಒಂದು ಸಾಲಿಗೆ ಇಳಿಸಿದರೆ ಇದು ಜೈನಧರ್ಮದ ಇತಿಹಾಸದ ಒಂದು ಸಾಮಾನ್ಯ ಉಲ್ಲೇಖವಾಗುತ್ತದೆ. ಕಟ್ಟಿಸಿದವರು ವೈದಿಕ ಮಹಾಜನರು ಎಂಬುದರಿಂದ ಅದಕ್ಕೆ ಬರುವ ತೂಕ ಬೇರೆಯೇ. ಆ ಮಹಾಜನರ ವಿದ್ಯೆ, ಆಚಾರ, ಉಪಾಸನೆಗಳನ್ನು ವರ್ಣಿಸುವ ಪ್ರಶಸ್ತಿಭಾಗವನ್ನು ಓದದೆ ಇದರ ಪೂರ್ಣಾರ್ಥ ಹೊಳೆಯದು. ಸಾರಾಂಶಕಾರರು ‘ರೂಢಿಯ ವರ್ಣನೆ’ ಎಂದು ಕೈಬಿಡುವುದು ಇಂತಹ ಭಾಗವನ್ನೇ.

ಕಾಲನಿರ್ಣಯದ ವಿಷಯವೂ ಹೀಗೆಯೇ. 1076ರಲ್ಲಿ ಆರಂಭವಾದ ಚಾಲುಕ್ಯ ವಿಕ್ರಮಶಕದ ವರ್ಷಗಳನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವಾಗ ಸಂವತ್ಸರದ ಹೆಸರನ್ನು ಹಿಡಿಯುತ್ತೇವೆಯೋ ಶಕವರ್ಷದ ಅಂಕಿಯನ್ನು ಹಿಡಿಯುತ್ತೇವೆಯೋ ಎಂಬುದರ ಮೇಲೆ ಒಂದು ವರ್ಷದ ವ್ಯತ್ಯಾಸ ಬರುವುದು ಅಪರೂಪವಲ್ಲ. ಮಾಸ, ತಿಥಿ, ವಾರ, ಸಂಕ್ರಮಣ ಅಥವಾ ಗ್ರಹಣದ ಉಲ್ಲೇಖಗಳಿಂದ ಅದನ್ನು ಸರಿಪಡಿಸಬೇಕು. ವಾರ್ಷಿಕ ವರದಿಗಳು ತಿಥಿಯ ವಿವರಗಳನ್ನು ಉಳಿಸಿಕೊಂಡಿರುವುದು ಅವುಗಳ ದೊಡ್ಡ ಗುಣ. ಅವುಗಳಿಂದ ಎತ್ತಿಕೊಂಡು ಸಿದ್ಧಪಡಿಸಿದ ಪಟ್ಟಿಗಳಲ್ಲಿ ಅನೇಕ ವೇಳೆ ಕ್ರಿಸ್ತಶಕದ ಒಂದು ಅಂಕಿ ಮಾತ್ರ ನಿಲ್ಲುತ್ತದೆ. ಅದು ತಪ್ಪಾಗಿದ್ದರೆ ಪರೀಕ್ಷಿಸುವ ಉಪಾಯ ಓದುಗನ ಕೈಯಲ್ಲಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಂಕ್ಷೇಪವೆಂಬುದು ಆಧುನಿಕ ಸಂಪಾದಕರ ಸೋಮಾರಿತನದ ಫಲವೆಂದು ಯಾರಾದರೂ ಭಾವಿಸಿದರೆ ಅದು ಸರಿಯಾಗದು. ಈ ಚರ್ಚೆಯ ಅತ್ಯಂತ ಹಳೆಯ ದಾಖಲೆ ಇದೇ ಪರಿಸರದಲ್ಲಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿದೆ.

ಸನ್ನತಿಯ ಪ್ರಾಚೀನ ಅವಶೇಷಗಳ ಕಡೆಗೆ 1950ರ ದಶಕದಲ್ಲಿ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯೊಂದರ ಎರಡೂ ಮುಖಗಳಲ್ಲಿ ಅಶೋಕನ ಶಾಸನಗಳಿರುವುದು 1980ರ ದಶಕದ ಕೊನೆಯ ವರ್ಷಗಳಲ್ಲಿ ತಿಳಿದುಬಂತು. ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾದದ್ದೇ ಇದಕ್ಕೆ ನಿಮಿತ್ತ. ಮೂರ್ತಿಯನ್ನು ನಿಲ್ಲಿಸಲು ಚಪ್ಪಡಿಯ ನಡುವೆ ಕುಳಿ ತೋಡಿದ್ದರಿಂದ ಪಾಠದ ಒಂದು ಭಾಗ ನಷ್ಟವಾಗಿದೆ. ಕರ್ನಾಟಕದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉಡೆಗೋಳಗಳಲ್ಲಿ ಇರುವುದು ಅಶೋಕನ ಕಿರುಬಂಡೆ ಶಾಸನಗಳು. ಹೆಬ್ಬಂಡೆ ಶಾಸನಗಳ ಪಾಠ ಈ ರಾಜ್ಯದಲ್ಲಿ ದೊರೆತಿರುವುದು ಸನ್ನತಿಯಲ್ಲಿ ಮಾತ್ರ. ಚಪ್ಪಡಿಯ ಒಂದು ಮುಖದಲ್ಲಿ 12ನೆಯ ಶಾಸನದ ಭಾಗವೂ 14ನೆಯ ಶಾಸನವೂ ಇವೆ. ಇನ್ನೊಂದು ಮುಖದಲ್ಲಿ ಅಲ್ಲಿಯವರೆಗೆ ಕಳಿಂಗದ ಧೌಳಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳಿವೆ.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು 14ನೆಯ ಶಾಸನ. ಅಶೋಕನ ಶಾಸನಮಾಲೆಗೆ ಅದೊಂದು ಬಗೆಯ ಸಂಪಾದಕೀಯ ಟಿಪ್ಪಣಿ. ಬೇರೆ ಬೇರೆ ನೆಲೆಗಳಲ್ಲಿ ಉಳಿದಿರುವ ಪಾಠಗಳಿಂದ ಅದರ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಧರ್ಮಲಿಪಿಗಳನ್ನು ಸಂಕ್ಷೇಪವಾಗಿ, ಮಧ್ಯಮವಾಗಿ, ವಿಸ್ತಾರವಾಗಿ ಎಂದು ಮೂರು ಬಗೆಯಲ್ಲಿ ಬರೆಸಲಾಗಿದೆ. ಎಲ್ಲವೂ ಎಲ್ಲೆಡೆಯೂ ಹೊಂದುವುದಿಲ್ಲ. ರಾಜ್ಯ ವಿಶಾಲವಾದುದು, ಬರೆಸಿದ್ದು ಬಹಳ, ಇನ್ನು ಮುಂದೆ ಬರೆಸಬೇಕಾದದ್ದೂ ಇದೆ. ಕೆಲವು ಮಾತುಗಳನ್ನು ಅವುಗಳ ಮಾಧುರ್ಯಕ್ಕಾಗಿ ಮತ್ತೆ ಮತ್ತೆ ಹೇಳಲಾಗಿದೆ, ಜನರು ಅದರಂತೆ ನಡೆಯಲೆಂದು. ಎಲ್ಲಿಯಾದರೂ ಅಪೂರ್ಣವಾಗಿ ಬರೆದಿದ್ದರೆ ಅದಕ್ಕೆ ಸ್ಥಳದ ಕಾರಣವೋ ಬೇರೆ ಯಾವುದಾದರೂ ಕಾರಣವೋ ಲಿಪಿಕಾರನ ಅಪರಾಧವೋ ಇರಬಹುದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಕ್ಕೆ ಇಂದಿನ ಸಂಪಾದಕ ಸೇರಿಸಬಹುದಾದದ್ದು ಬಹಳ ಕಡಿಮೆ.

ಈ ಶಾಸನದಲ್ಲಿ ಎರಡು ಅಂಶಗಳು ಪರಿಶೀಲನಾರ್ಹವಾಗಿವೆ. ಮೊದಲನೆಯದು, ಇಲ್ಲಿ ಸಂಕ್ಷೇಪಿಸಿದವನು ಮೂಲದ ಕರ್ತೃವೇ. ತನ್ನ ಮಾತನ್ನು ಎಷ್ಟು ಹೇಳಬೇಕೆಂದು ನಿರ್ಧರಿಸುವ ಅಧಿಕಾರ ಅವನಿಗಿದೆ. ಶತಮಾನಗಳ ಅನಂತರದ ವರದಿಕಾರನಿಗೆ ಆ ಅಧಿಕಾರ ತಾನಾಗಿ ಬರುವುದಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಸಂಕ್ಷೇಪವಿದೆ, ಅಪೂರ್ಣತೆಯೂ ಇರಬಹುದು ಎಂಬುದನ್ನು ಅವನು ಓದುಗನಿಂದ ಮುಚ್ಚಿಡಲಿಲ್ಲ, ಕಾರಣಸಹಿತ ಬರೆಸಿದ. ನಮ್ಮ ಪಟ್ಟಿಗಳಲ್ಲಿ ಸಾರಾಂಶ ಓದುವವನಿಗೆ ಮೂಲದಲ್ಲಿ ಎಷ್ಟು ಸಾಲುಗಳಿವೆ, ಯಾವ ಭಾಗವನ್ನು ಬಿಡಲಾಗಿದೆ, ಬಿಟ್ಟದ್ದು ಸವೆದುಹೋದುದರಿಂದಲೋ ಮುಖ್ಯವಲ್ಲವೆಂಬ ಎಣಿಕೆಯಿಂದಲೋ ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಲಿಪಿಕಾರನ ಮೇಲೆ ದೋಷ ಹೊರಿಸಿದ್ದು ಕಠಿಣವೆನಿಸಿದರೂ ಅವರಲ್ಲಿ ಒಬ್ಬನಾದ ಚಪಡನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ತನ್ನ ವೃತ್ತಿನಾಮವನ್ನು ಖರೋಷ್ಠಿ ಲಿಪಿಯಲ್ಲಿ ಕೊರೆದು ಉಳಿದಿದ್ದಾನೆ. ಸಾರಾಂಶಗಳಲ್ಲಿ ಅವನಿಗೂ ಜಾಗ ದೊರೆಯುತ್ತಿರಲಿಲ್ಲ.

ಸನ್ನತಿಯ ಪಾಠ ಪೂರ್ಣವಾಗಿ ಪ್ರಕಟವಾದುದರಿಂದ ದೊರೆತ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು. ಕಳಿಂಗದ ಎರಡು ನೆಲೆಗಳಲ್ಲಿ 11, 12 ಮತ್ತು 13ನೆಯ ಶಾಸನಗಳಿಲ್ಲ. ಯುದ್ಧದ ಹತ್ಯೆಯನ್ನು ವಿವರಿಸುವ 13ನೆಯದನ್ನು ಗೆದ್ದ ನಾಡಿನಲ್ಲಿ ಕೊರೆಯಿಸುವುದು ಉಚಿತವಲ್ಲವೆಂದು ಬಿಟ್ಟಿರಬೇಕೆಂಬ ವಿವರಣೆ ಪ್ರಸಿದ್ಧವಾಗಿದೆ. ಸನ್ನತಿಯಲ್ಲಿ 12ನೆಯದು ಇದೆ, 13 ಇಲ್ಲ, 14 ಇದೆ. ಜೊತೆಗೆ ಕಳಿಂಗದ ಪ್ರತ್ಯೇಕ ಶಾಸನಗಳಿವೆ. ಭೀಮಾತೀರ ಕಳಿಂಗವಲ್ಲ. ಹಾಗಿದ್ದರೂ ಅದೇ ಶಾಸನ ಇಲ್ಲಿಯೂ ಏಕಿಲ್ಲ? ಕಳಿಂಗಕ್ಕೆಂದು ಸಿದ್ಧವಾಗಿದ್ದ ಪಾಠದ ಪ್ರತಿ ಇಲ್ಲಿಗೂ ಬಂದಿರಬಹುದೆಂಬ ಊಹೆ ವಿದ್ವಾಂಸರಲ್ಲಿದೆ. ಈ ಊಹೆ ನಿಲ್ಲಲಿ, ಬೀಳಲಿ, ಪ್ರಶ್ನೆ ಹುಟ್ಟಿದ್ದು ಇಲ್ಲದಿರುವುದೊಂದನ್ನು ಗಮನಿಸಿದ್ದರಿಂದ. ‘ಸನ್ನತಿ: ಅಶೋಕನ ಧರ್ಮಲಿಪಿ, ಪ್ರಾಕೃತ, ಬ್ರಾಹ್ಮೀ, ಭಿನ್ನವಾಗಿದೆ’ ಎಂಬಷ್ಟೇ ಷರಾ ಇದ್ದಿದ್ದರೆ ಇರುವುದರ ಅರ್ಧ ತಿಳಿಯುತ್ತಿತ್ತು; ಇಲ್ಲದಿರುವುದು ತಿಳಿಯುತ್ತಲೇ ಇರಲಿಲ್ಲ. ಪ್ರತ್ಯೇಕ ಶಾಸನಗಳ ಕಳಿಂಗದ ಪಾಠಗಳಲ್ಲಿ ಇನ್ನೊಂದು ಸೂಚನೆಯಿದೆ: ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿಯೂ ನಡುನಡುವೆಯೂ ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಅವನು ಕೇಳಬೇಕು. ಓದಲಾರದ ಪ್ರಜೆಗೂ ತಲಪಬೇಕಾದುದು ಅಧಿಕಾರಿ ತನ್ನ ಮಾತಿನಲ್ಲಿ ಹೇಳಿದ ಸಾರವಲ್ಲ, ಬರೆದ ಪಾಠವೇ ಎಂಬ ನಿಲುವು ಇದರ ಹಿಂದೆ ಇದ್ದಂತಿದೆ.

ಸನ್ನತಿಗೆ ಸಮೀಪದ ಕನಗನಹಳ್ಳಿಯ ಸ್ತೂಪದ ವಿಷಯವನ್ನು ಇಲ್ಲಿಯೇ ಸೂಚಿಸಿ ಮುಂದುವರಿಯಬಹುದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಅಲ್ಲಿ ನಡೆಸಿದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಕಿರುಬರಹವುಳ್ಳ ಅರಸನ ಶಿಲ್ಪವೂ ಸಾತವಾಹನ ಅರಸರ ಹೆಸರುಗಳುಳ್ಳ ಫಲಕಗಳೂ ದೊರೆತವು. ಪೂರ್ಣ ವರದಿ ಇಲಾಖೆಯ 106ನೆಯ ಮೆಮೋಯಿರ್ ಆಗಿ ಹೊರಬಂದದ್ದು ಉತ್ಖನನ ಆರಂಭವಾದ ಒಂದೂವರೆ ದಶಕಕ್ಕೂ ಹೆಚ್ಚಿನ ಕಾಲದ ಮೇಲೆ. ಅಷ್ಟೂ ವರ್ಷ ಹೆಚ್ಚಿನ ಓದುಗರ ಪಾಲಿಗೆ ಕನಗನಹಳ್ಳಿಯೆಂದರೆ ಆ ಎರಡು ಪದಗಳೇ ಆಗಿದ್ದವು.

ಸಂಕ್ಷೇಪದ ಪರವಾಗಿ ಹೇಳಬೇಕಾದ ಮಾತೂ ಇದೆ. ಅದಕ್ಕೆ ಮಳಖೇಡಕ್ಕೆ ಬರಬೇಕು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾದ, 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಗದ್ಯಕಾರರೆಂದು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ಉಳಿದಿಲ್ಲ. ಹೆಸರಿನ ಉಲ್ಲೇಖವೂ ಇರದಿದ್ದರೆ ಅವರಿದ್ದರೆಂಬುದೇ ತಿಳಿಯುತ್ತಿರಲಿಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ ಆಯ್ದ ಪದ್ಯಗಳ ಸಂಕಲನವಾದರೂ ಮೊದಲನೆಯ ಗುಣವರ್ಮನಂತಹ ಕವಿಯ ಕಳೆದುಹೋದ ಕಾವ್ಯಗಳ ಪದ್ಯಗಳನ್ನು ಉಳಿಸಿಕೊಟ್ಟಿದೆ. ಆದ್ದರಿಂದ ಆಯ್ದ ಭಾಗ ಪೂರ್ಣಕೃತಿಗಿಂತ ದೀರ್ಘಾಯುವಾಗಬಲ್ಲದು. ಆದರೆ ಸಂಕಲನಕಾರನು ಉಳಿಸಿದ್ದು ಮೂಲದ ಪದ್ಯಗಳನ್ನೇ, ಪದ್ಯಗಳ ತಾತ್ಪರ್ಯವನ್ನಲ್ಲ. ಅವನು ತಾತ್ಪರ್ಯ ಬರೆದಿದ್ದರೆ ಗುಣವರ್ಮನ ಶೈಲಿಯ ಬಗೆಗೆ ನಾವು ಏನನ್ನೂ ಹೇಳಲಾರೆವು. ಪೂರ್ಣಪಾಠ ಕೊಡಲಾಗದಿದ್ದಾಗ ಸಾರಾಂಶಕ್ಕಿಂತ ಯಥಾವತ್ತಾದ ಆಯ್ದ ಭಾಗ ಮೇಲು ಎಂಬ ನಿರ್ಣಯ ಇದರಿಂದ ಒದಗುತ್ತದೆ. ಶಾಸನಗಳ ವಿಷಯದಲ್ಲಿ ಯಾವ ಭಾಗವನ್ನು ಆಯಬೇಕೆಂದರೆ ತಿಥಿ, ದಾನ ಮತ್ತು ಎಲ್ಲೆಗಳ ಗದ್ಯಭಾಗವನ್ನು ಎನ್ನಬಹುದು. ಅರಸರ ಪ್ರಶಸ್ತಿ ಬೇರೆ ಶಾಸನಗಳಲ್ಲಿ ಪುನರಾವರ್ತನೆಯಾಗುವುದುಂಟು. ಹಳ್ಳಿಯ ಎಲ್ಲೆ ಮತ್ತೆಲ್ಲಿಯೂ ಸಿಗುವುದಿಲ್ಲ.

ಸಾರಾಂಶ ಓದುಗನನ್ನು ಮೂಲದ ಬಳಿಗೆ ಬರಮಾಡಿಕೊಳ್ಳುತ್ತದೆ, ಪೂರ್ಣಪಾಠ ಕೊಟ್ಟರೆ ಯಾರೂ ಕಲ್ಲಿನ ಬಳಿಗೆ ಹೋಗುವುದಿಲ್ಲ ಎಂಬ ವಾದವೂ ಕೇಳಿಬರುವುದುಂಟು. ಕಲ್ಲು ಇರುವವರೆಗೆ ಈ ಮಾತಿಗೆ ಬೆಲೆಯಿದೆ. ಈ ಪರಿಸರದಲ್ಲಿ ಅದನ್ನೇ ಖಚಿತವಾಗಿ ಹೇಳುವಂತಿಲ್ಲ. ಶಹಾಬಾದಿನ ಚಪ್ಪಡಿಕಲ್ಲು ನೆಲಹಾಸಿಗಾಗಿ ನಾಡೆಲ್ಲ ಪ್ರಸಿದ್ಧವಾಗಿದೆ. ವಾಡಿ ಮತ್ತು ಸೇಡಂ ಸುತ್ತಿನ ಸಿಮೆಂಟು ಕಾರ್ಖಾನೆಗಳಿಗೆ ಆಧಾರವಾದುದೂ ಭೀಮಾ ಕೊಳ್ಳದ ಇದೇ ಸುಣ್ಣಕಲ್ಲು. ಕನಗನಹಳ್ಳಿಯ ಶಿಲ್ಪಗಳನ್ನು ಕಡೆದದ್ದೂ ಸುಣ್ಣಕಲ್ಲಿನಲ್ಲಿಯೇ. ಕಲ್ಲೇ ಈ ಭಾಗದ ಜೀವನೋಪಾಯ. ಅದನ್ನು ತೆಗೆಯಬಾರದೆನ್ನುವುದು ಉದ್ದೇಶವಲ್ಲ. ಆದರೆ ಕಲ್ಲಿಗೆ ಬೆಲೆಯಿರುವ ನಾಡಿನಲ್ಲಿ ಬರಹವಿರುವ ಕಲ್ಲೂ ಮನೆಯ ಮೆಟ್ಟಿಲಾಗಿ, ಹೊಲದ ಒಡ್ಡಾಗಿ, ಗುಡಿಯ ಪೀಠವಾಗಿ ಮಾರ್ಪಡುವ ಸಂಭವ ಹೆಚ್ಚು. ಸನ್ನತಿಯ ಚಪ್ಪಡಿಗೆ ಆದದ್ದು ಅದೇ. ಕೃಷ್ಣಾತೀರದ ಅಮರಾವತಿಯ ಸುಣ್ಣಕಲ್ಲಿನ ಸ್ತೂಪ ಇನ್ನೂ ಕಠೋರವಾದ ನಿದರ್ಶನ. 1798ರಲ್ಲಿ ಕಾಲಿನ್ ಮೆಕೆಂಜಿ ಅದನ್ನು ಕಂಡಾಗಲೇ ಅದರ ಚಪ್ಪಡಿಗಳನ್ನು ಕಟ್ಟಡಗಳಿಗೆ ಕೊಂಡೊಯ್ಯಲಾಗುತ್ತಿತ್ತು. ಅನೇಕವು ಸುಣ್ಣದ ಭಟ್ಟಿಗಳನ್ನೂ ಸೇರಿದವು. 1816ರಿಂದ ಅವನ ಸಹಾಯಕರು ಬರೆದ ವಿವರವಾದ ಚಿತ್ರಗಳು, ಅನಂತರ ಕಣ್ಮರೆಯಾದ ಹಲವು ಫಲಕಗಳಿಗೆ ಇಂದು ಏಕೈಕ ಸಾಕ್ಷಿಯಾಗಿವೆ. ‘ಬುದ್ಧನ ಜೀವನದ ದೃಶ್ಯಗಳಿರುವ ಇಷ್ಟು ಫಲಕಗಳು’ ಎಂದು ಮೆಕೆಂಜಿ ಒಂದು ಸಾಲು ಬರೆದು ಬಿಟ್ಟಿದ್ದರೆ ಉಳಿಯುತ್ತಿದ್ದುದು ಆ ಸಾಲು ಮಾತ್ರ.

ಪಡಿಯಚ್ಚುಗಳಿರುವಾಗ ಭಯವೇಕೆ ಎನ್ನಬಹುದು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಲ್ಲಿ ಕೂರಿಸಿ, ಮೇಲೆ ಮಸಿ ಸವರಿ ತೆಗೆಯುವ ಈ ಪ್ರತಿ ನಂಬಲರ್ಹವಾದುದೇ. ಆದರೆ ಅದು ಕಾಗದ. ಹಳದಿಯಾಗಿ, ಮಡಿಕೆಗಳಲ್ಲಿ ಸೀಳುತ್ತದೆ. ಅದಿರುವುದು ಕಲಬುರಗಿಯಿಂದ ದೂರದ ಕಚೇರಿಗಳಲ್ಲಿ. ಚಿಂಚೋಳಿಯ ಶಾಲಾಶಿಕ್ಷಕನೊಬ್ಬ ತನ್ನೂರಿನ ಶಾಸನವನ್ನು ಓದಬೇಕೆಂದರೆ ಅವನಿಗೆ ಒದಗಬೇಕಾದದ್ದು ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲಿರುವ ಕನ್ನಡ ಲಿಪಿಯ ಪೂರ್ಣಪಾಠ. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿಯ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳ ಗಣಕ ಪ್ರತಿಗಳಾಗಿ ದಾಖಲಿಸುತ್ತಿರುವುದು ಒಳ್ಳೆಯ ಮಾದರಿ. ಅಂತಹ ಕೆಲಸ ಭೀಮಾ–ಕಾಗಿಣಾ ಕಣಿವೆಗಳಲ್ಲಿಯೂ ಆಗಬೇಕಾಗಿದೆ. ಗಣಕದ ಪುಟಕ್ಕೆ ಕಾಗದದ ವೆಚ್ಚವಿಲ್ಲವಾದ್ದರಿಂದ ಪುಟಸಂಖ್ಯೆಯ ನೆವವನ್ನು ಅಲ್ಲಿ ಹೂಡುವಂತಿಲ್ಲ.

ಪೂರ್ಣಪಾಠವೊಂದೇ ಸಾಲದು ಎಂಬುದೂ ನಿಜ. ಸಮಾಸಗಳನ್ನು ಬಿಡಿಸದೆ, ಮತ್ತರು, ಕಮ್ಮ, ಗದ್ಯಾಣ, ಹಾಗ, ಬೀಸಗಳಿಗೆ ವಿವರಣೆಯಿಲ್ಲದೆ ಅಚ್ಚಾದ ಪಾಠ ತಜ್ಞನಲ್ಲದ ಓದುಗನ ಪಾಲಿಗೆ ಮುಚ್ಚಿದ ಬಾಗಿಲು. ಆದಕಾರಣ ಸಾರಾಂಶವನ್ನು ಪಾಠದ ತಲೆಯ ಮೇಲೆ ಇರಿಸಿ, ಅದರ ಪ್ರತಿಯೊಂದು ಹೇಳಿಕೆಗೂ ಸಾಲಿನ ಸಂಖ್ಯೆಯನ್ನು ಸೂಚಿಸುವ ಕ್ರಮ ನಮಗೆ ಉಚಿತವಾಗಿ ತೋರುತ್ತದೆ. ಸಾರಾಂಶ ಮಾತ್ರ ಕೊಡುವುದು ಅನಿವಾರ್ಯವಾದಲ್ಲಿ ಮೂಲದ ಒಟ್ಟು ಸಾಲುಗಳು, ಓದಲಾಗದ ಸಾಲುಗಳು, ಬಿಟ್ಟ ಭಾಗಗಳ ವಿಷಯ ಇವನ್ನು ತಪ್ಪದೆ ಹೇಳಬೇಕು. ಓದು ಸಂದೇಹಾಸ್ಪದವಾಗಿದೆ ಎಂಬ ಕಾರಣಕ್ಕೆ ಪಾಠವನ್ನು ತಡೆಹಿಡಿಯುವುದಂತೂ ಸಲ್ಲದು. ಸಂದೇಹದ ಅಕ್ಷರಗಳನ್ನು ಕಂಸದಲ್ಲಿಟ್ಟು ಪ್ರಕಟಿಸಿದ ತಪ್ಪುಪಾಠವನ್ನು ನಾಳೆ ಯಾರಾದರೂ ತಿದ್ದಬಲ್ಲರು. ಪ್ರಕಟವಾಗದುದನ್ನು ಯಾರೂ ತಿದ್ದಲಾರರು.

ಊರುಗಳ ಹೆಸರುಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಶಾಸನದ ನಾಗವಾವಿ ಜನರ ಬಾಯಲ್ಲಿ ನಾಗಾವಿಯಾಗಿ, ಹೈದರಾಬಾದಿನ ಮುದ್ರಣದಲ್ಲಿ ನಾಗೈ ಆಗಿದೆ. ಸೇಡಿಂಬವು ಸೇಡಂ ಆಗಿ, ಇಂಗ್ಲಿಷ್ ಬರವಣಿಗೆಯಲ್ಲಿಯೂ ರೈಲು ನಿಲ್ದಾಣದ ಫಲಕದಲ್ಲಿಯೂ ಸೇರಂ ಎನಿಸಿಕೊಂಡಿತು. ಹಿಂದೆ ಚಿತ್ತಾಪುರಕ್ಕೆ ಸೇರಿದ್ದ ಕಾಳಗಿ ಈಗ ಸ್ವತಂತ್ರ ತಾಲ್ಲೂಕು, ಶಹಾಬಾದವೂ ಹಾಗೆಯೇ. 2014ರಲ್ಲಿ ಜಿಲ್ಲೆಯ ಹೆಸರೇ ಗುಲ್ಬರ್ಗಾದಿಂದ ಕಲಬುರಗಿಯಾಯಿತು. ಹಳೆಯ ವರದಿಯ ಸಾರಾಂಶವನ್ನು ಹಿಡಿದು ಊರನ್ನು ಹುಡುಕಹೊರಟವನಿಗೆ ಈ ಬದಲಾವಣೆಗಳು ದಾರಿ ತಪ್ಪಿಸುತ್ತವೆ. ಪೂರ್ಣಪಾಠದಲ್ಲಾದರೆ ನೆರೆಯೂರುಗಳ ಹೆಸರುಗಳೂ ಹಳ್ಳದ ದಿಕ್ಕೂ ಇರುವುದರಿಂದ, ಮುದ್ರಿತ ಶೀರ್ಷಿಕೆ ಏನೇ ಇರಲಿ, ಆ ಕಲ್ಲು ಯಾವ ಊರಿನದೆಂದು ಗುರುತಿಸುವುದು ಸಾಧ್ಯವಾಗುತ್ತದೆ.